ಕಾರು ಆಗೊಮ್ಮೆ ಈಗೊಮ್ಮೆ ಸ್ಟಾರ್ಟ್ ಆಗದಿದ್ದರೆ

ಪೂರ್ತಿ ಕೆಟ್ಟು ನಿಂತ ಕಾರಿನ ದೋಷ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ದೋಷ ಅಲ್ಲೇ ಇರುತ್ತದೆ, ಸಾವಧಾನದಿಂದ ನೋಡಿದರೆ ಸಿಗುತ್ತದೆ. ಕಷ್ಟ ಕೊಡುವುದು ಬೆಳಿಗ್ಗೆ ಚೆನ್ನಾಗಿ ಓಡಿ, ಮಧ್ಯಾಹ್ನ ಪೆಟ್ರೋಲ್ ಬಂಕಿನಲ್ಲಿ ಕೈಕೊಟ್ಟು, ಗ್ಯಾರೇಜಿಗೆ ಎಳೆದು ತಂದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವ ಕಾರು. ಮೆಕ್ಯಾನಿಕ್ ನೋಡುವ ಹೊತ್ತಿಗೆ ಎಲ್ಲವೂ ಸರಿಯಾಗಿರುತ್ತದೆ. ಆಗ ಶುರುವಾಗುವುದು ಅಂದಾಜಿನ ರಿಪೇರಿ. ಮೊದಲು ಬ್ಯಾಟರಿ ಬದಲಿಸುತ್ತಾರೆ, ಆಮೇಲೆ ಸೆಲ್ಫ್ ಮೋಟಾರು, ಕೊನೆಗೆ ಫ್ಯುಯೆಲ್ ಪಂಪು. ದುಡ್ಡೆಲ್ಲ ಕರಗಿದ ಮೇಲೂ ಕಾರು ಇನ್ನೊಂದು ದಿನ ಹಾಗೇ ನಿಲ್ಲುತ್ತದೆ. ಇಂಥ ದೋಷಕ್ಕೆ ಸಾಕ್ಷಿ ಇರುವುದು ಒಬ್ಬರೇ, ಆ ಹೊತ್ತಿನಲ್ಲಿ ಡ್ರೈವರ್ ಸೀಟಿನಲ್ಲಿದ್ದವರು. ಅವರು ಕೇಳಿದ್ದು, ಕಂಡಿದ್ದು ಮೆಕ್ಯಾನಿಕ್ಕಿಗೆ ಸರಿಯಾಗಿ ತಲುಪಿದರೆ ಹುಡುಕಾಟದ ದಾರಿ ತೆರೆಯುತ್ತದೆ.

ಮೊದಲು ಗಮನಿಸಬೇಕಾದದ್ದು, ಕೀ ತಿರುಗಿಸಿದಾಗ ಎಂಜಿನ್ ತಿರುಗಿತೇ ಇಲ್ಲವೇ ಎಂಬುದು. ‘ಸ್ಟಾರ್ಟ್ ಆಗಲಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ತಿರುಗಲೇ ಇಲ್ಲವೆಂದರೆ ದೋಷ ಹೆಚ್ಚಾಗಿ ಬ್ಯಾಟರಿ, ಸೆಲ್ಫ್ ಮೋಟಾರು ಮತ್ತು ಇವುಗಳ ನಡುವಿನ ವೈರಿಂಗಿನಲ್ಲಿರುತ್ತದೆ. ಎಂದಿನ ವೇಗದಲ್ಲೇ ಗರಗರ ತಿರುಗಿಯೂ ಸ್ಟಾರ್ಟ್ ಆಗಲಿಲ್ಲವೆಂದರೆ ಬ್ಯಾಟರಿಯ ಮಾತು ಬಿಟ್ಟು ಇಂಧನ, ಕಿಡಿ, ಸೆನ್ಸರುಗಳ ಕಡೆ ನೋಡಬೇಕು.

ಎಂಜಿನ್ ತಿರುಗದಿದ್ದಾಗ ಕಿವಿಗೊಟ್ಟು ಕೇಳಿ. ಸೆಲ್ಫ್ ಮೋಟಾರಿನ ಬೆನ್ನಿಗೆ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತ ಅಂಟಿಕೊಂಡಿರುತ್ತದೆ. ಕೀ ತಿರುಗಿಸಿದಾಗ ಅದು ಕಬ್ಬಿಣದ ಸರಳೊಂದನ್ನು ಒಳಕ್ಕೆ ಎಳೆದು, ಹಲ್ಲುಚಕ್ರವನ್ನು ಫ್ಲೈವೀಲಿಗೆ ಕೂಡಿಸಿ, ತಾಮ್ರದ ಕಾಂಟ್ಯಾಕ್ಟ್‌ಗಳ ಮೂಲಕ ಮೋಟಾರಿಗೆ ಕರೆಂಟು ಬಿಡುತ್ತದೆ. ಬ್ಯಾಟರಿ ಸೊರಗಿದ್ದರೆ ಮೋಟಾರು ಕರೆಂಟು ಎಳೆದ ಕೂಡಲೇ ವೋಲ್ಟೇಜ್ ಕುಸಿದು ಸರಳು ಹಿಂದಕ್ಕೆ ಜಾರುತ್ತದೆ. ಮೋಟಾರಿನ ಭಾರ ತಪ್ಪಿದ್ದೇ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಬಾನೆಟ್ ಕೆಳಗಿನಿಂದ ಬರುವ ಟಕಟಕಟಕ ಸದ್ದು ಇದೇ. ಒಂದೇ ಒಂದು ‘ಟಕ್’ ಕೇಳಿ, ಹೆಡ್‌ಲೈಟು ಮಂಕಾಗದೆ ಉರಿಯುತ್ತಿದ್ದರೆ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಇಲ್ಲವೇ ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು. ಸವೆದ ಬ್ರಷ್ ಆಗಾಗ ಮಾತ್ರ ಕೈಕೊಡುವುದಕ್ಕೆ ಕಾರಣವಿದೆ. ಮೋಟಾರು ಪ್ರತಿಸಲ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತದೆ, ಕೆಲವು ಜಾಗದಲ್ಲಷ್ಟೇ ಬ್ರಷ್ ಸರಿಯಾಗಿ ತಾಗುವುದಿಲ್ಲ. ಮೋಟಾರಿನ ಮೈಗೆ ಮೆಲ್ಲಗೆ ತಟ್ಟಿದಾಗ ಸ್ಟಾರ್ಟ್ ಆದರೆ ಸಂಶಯ ಗಟ್ಟಿಯಾಗುತ್ತದೆ. ಸದ್ದೇ ಇಲ್ಲದಿದ್ದರೆ ರಿಲೇ, ಇಗ್ನಿಷನ್ ಸ್ವಿಚ್, ಕ್ಲಚ್ ಪೆಡಲಿನ ಸ್ವಿಚ್ ನೋಡಬೇಕು. ಆಟೊಮ್ಯಾಟಿಕ್ ಗೇರಿನ ಕಾರಾದರೆ ಬ್ರೇಕ್ ಒತ್ತಿ, ನ್ಯೂಟ್ರಲ್‌ಗೆ ಹಾಕಿ ಇನ್ನೊಮ್ಮೆ ಪ್ರಯತ್ನಿಸಿ.

ಹೊಸ ಬ್ಯಾಟರಿ ಹಾಕಿದ ಮೇಲೂ ಕಾಡುವ ತೊಂದರೆಗಳಲ್ಲಿ ನಾನು ಮೊದಲು ಸಂಶಯಿಸುವುದು ಅರ್ತ್ ವೈರನ್ನು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಸೆಲ್ಫ್ ಮೋಟಾರಿಗೆ ಹೋದ ಕರೆಂಟು ಬ್ಯಾಟರಿಗೆ ಮರಳಬೇಕಾದರೆ ಎಂಜಿನ್ನಿಗೆ ಬಿಗಿದ ದಪ್ಪ ಅರ್ತ್ ವೈರೇ ದಾರಿ. ಅದರ ಬೋಲ್ಟಿನಡಿ ತುಕ್ಕು ಸೇರಿದರೆ, ಮಂಗಳೂರಿನಂಥ ಕಡಲ ಗಾಳಿಯ ಊರುಗಳಲ್ಲಿ ಇದು ಬೇಗ ಸೇರುತ್ತದೆ, ಕರೆಂಟಿನ ದಾರಿ ಇಕ್ಕಟ್ಟಾಗುತ್ತದೆ. ಗುಂಡಿಯೊಂದರಲ್ಲಿ ಕಾರು ಕುಲುಕಿದರೆ ಲೋಹ ಮತ್ತೆ ಲೋಹಕ್ಕೆ ತಾಗಿ ಎಲ್ಲ ಸರಿಹೋದಂತೆ ಕಾಣುತ್ತದೆ. ಅರ್ತ್ ಪೂರ್ತಿ ಕಡಿದಿದ್ದರೆ ಕರೆಂಟು ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್‌ಗಳ ಮೂಲಕ ದಾರಿ ಹುಡುಕಿಕೊಂಡು ಅವನ್ನು ಕಾಯಿಸುತ್ತದೆ.

ಇಲ್ಲಿ ಲೆಕ್ಕವೊಂದನ್ನು ನೋಡಲೇಬೇಕು. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಕೂಡ 100 ಆಂಪಿಯರ್ ಮೀರಿ ಕರೆಂಟು ಎಳೆಯಬಲ್ಲದು. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸ್ಟಾರ್ಟರ್ ನಿಂತಿದ್ದೇ ಈ ತಿಳಿವಿನ ಮೇಲೆ: ಕೆಲವೇ ಸೆಕೆಂಡಾದರೆ ಸಣ್ಣ ಮೋಟಾರಿನಿಂದಲೂ ಭಾರಿ ಕೆಲಸ ತೆಗೆಯಬಹುದು. (ಒಂದೇ ಸಮನೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು ಎನ್ನುವುದೂ ಇದಕ್ಕೇ.) 150 ಆಂಪಿಯರ್ ಹರಿಯುವ ದಾರಿಯಲ್ಲಿ 0.02 ಓಮ್ ತಡೆ ಸೇರಿದರೆ ಸಾಕು, 3 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಅಷ್ಟು ಸಣ್ಣ ತಡೆಯನ್ನು ಸಾಮಾನ್ಯ ಮಲ್ಟಿಮೀಟರು ನೇರವಾಗಿ ತೋರಿಸಲಾರದು. ಕಳೆದುಹೋದ ವೋಲ್ಟನ್ನು ಮಾತ್ರ ನಿಖರವಾಗಿ ತೋರಿಸುತ್ತದೆ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಸೀಸದ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಹಿಡಿಯಿರಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. 0.2, 0.3 ವೋಲ್ಟ್ ಬಂದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದರೆ ಆ ವೈರನ್ನೂ ಅದರ ಬೋಲ್ಟನ್ನೂ ಬಿಚ್ಚಿ ಉಜ್ಜಬೇಕು. ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ಕ್ಲಾಂಪ್ ಮೊದಲು ತೆಗೆದು, ಕೊನೆಯಲ್ಲಿ ಹಾಕಬೇಕು.

ಬ್ಯಾಟರಿಯ ಗುಣವೂ ಮೀಟರಿಗೆ ಸಿಗುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಚಾರ್ಜ್ ತುಂಬಿದೆ, 12.2 ಇದ್ದರೆ ಹೆಚ್ಚುಕಡಿಮೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಸಂಶಯಿಸಬಹುದು. ಎಂಜಿನ್ ಓಡುವಾಗ ಬಹುತೇಕ ಕಾರುಗಳಲ್ಲಿ 13.8ರಿಂದ 14.5 ಕಾಣಬೇಕು.

ಇನ್ನು ಎಂಜಿನ್ ತಿರುಗಿಯೂ ಸ್ಟಾರ್ಟ್ ಆಗದ ಬಗೆ. ಕಾರು ನಿಲ್ಲಿಸಿದಾಗ ರೇಡಿಯೇಟರಿನ ನೀರೂ ಎದುರುಗಾಳಿಯೂ ನಿಂತುಬಿಡುತ್ತವೆ, ಆದರೆ ಎಂಜಿನ್ನಿನ ಒಡಲ ಕಾವು ನಿಲ್ಲುವುದಿಲ್ಲ. ಹಾಗಾಗಿ ಕೆಲವು ನಿಮಿಷಗಳ ತನಕ ಬಾನೆಟ್ ಕೆಳಗಿನ ಬಿಸಿ ಏರುತ್ತಲೇ ಹೋಗುತ್ತದೆ. ಓಡುವಾಗ ಸರಿಯಾಗಿದ್ದ ಕಾರು ಬಂಕಿನಲ್ಲೋ ದರ್ಶಿನಿಯ ಮುಂದೋ ಸ್ವಲ್ಪ ನಿಂತು ಹೊರಡುವಾಗಲೇ ಮುಷ್ಕರ ಹೂಡುವುದು ಇದರಿಂದ. ಹೆಚ್ಚಾಗಿ ಸಿಕ್ಕಿಬೀಳುವುದು ಕ್ರ್ಯಾಂಕ್ ಸೆನ್ಸರ್. ಎಂಜಿನ್ ಎಷ್ಟು ತಿರುಗಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಈ ಪುಟ್ಟ ಭಾಗದ ಒಳಗೆ ಬಿರುಕಿದ್ದರೆ ಬಿಸಿಗೆ ಅಗಲವಾಗಿ ಸಂಪರ್ಕ ಕಡಿಯುತ್ತದೆ, ತಣಿದ ಮೇಲೆ ಕೂಡಿಕೊಳ್ಳುತ್ತದೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲುಗದಿರುವುದು ಅನೇಕ ಕಾರುಗಳಲ್ಲಿ ಇದರ ಗುರುತು. ಸ್ಕ್ಯಾನರ್‌ನಲ್ಲಿ ಪಿ0335 ಎಂಬ ಕೋಡ್ ಸಿಗಬಹುದು. ಸ್ಕ್ಯಾನ್ ಮಾಡುವ ಮೊದಲೇ ಬ್ಯಾಟರಿ ಬಿಚ್ಚಿದರೆ ಆ ಕೋಡ್ ಅಳಿಸಿಹೋಗುವ ಸಾಧ್ಯತೆ ಇದೆ.

ಫ್ಯುಯೆಲ್ ಪಂಪಿನ ಸದ್ದನ್ನು ಕಾರು ಚೆನ್ನಾಗಿರುವಾಗಲೇ ಕೇಳಿ ಇಟ್ಟುಕೊಳ್ಳಿ. ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಕೀ ಆನ್ ಮಾಡಿದಾಗ ಹಿಂದಿನ ಸೀಟಿನಡಿಯಿಂದ ಒಂದೆರಡು ಸೆಕೆಂಡ್ ಗುಂಯ್ ಎನ್ನುತ್ತದೆ. ಕೈಕೊಟ್ಟ ದಿನ ಅದು ಕೇಳದಿದ್ದರೆ ಪಂಪು, ಅದರ ರಿಲೇ, ಫ್ಯೂಸ್ ಪರೀಕ್ಷಿಸಬೇಕು. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಿದ್ದರೆ ಇನ್ನೊಂದು ಕೀ ಹಾಕಿ ನೋಡಿ, ಕೀ ಒಳಗಿನ ಚಿಪ್ಪನ್ನು ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಗುರುತಿಸದೆ ಇರಬಹುದು.

ರಿಪೇರಿ ಆದ ಮೇಲೆ ಗ್ಯಾರೇಜಿನಲ್ಲಿ ಒಮ್ಮೆ ಸ್ಟಾರ್ಟ್ ಆದದ್ದನ್ನು ನಂಬಬೇಡಿ, ಅಲ್ಲಿ ಅದು ಮೊದಲೂ ಸ್ಟಾರ್ಟ್ ಆಗುತ್ತಿತ್ತು. ಕೈಕೊಟ್ಟಾಗಿನ ಪರಿಸ್ಥಿತಿಯನ್ನೇ ಮತ್ತೆ ತರಬೇಕು. ಬಿಸಿಯ ದೋಷವಾದರೆ ಕಾರನ್ನು ಚೆನ್ನಾಗಿ ಓಡಿಸಿ, ಕಾಲು ಗಂಟೆ ಬಿಸಿಲಲ್ಲಿ ನಿಲ್ಲಿಸಿ ಕೀ ತಿರುಗಿಸಿ. ಬಿಚ್ಚಿದ ಹಳೆಯ ಸೆನ್ಸರನ್ನು ಎಸೆಯದೆ ಕೇಳಿ ಪಡೆಯಿರಿ. ಹೊಸದನ್ನು ಹಾಕಿಯೂ ಕಾರು ನಿಂತರೆ ದೋಷ ಅದರ ವೈರಿನಲ್ಲೋ ಪ್ಲಗ್ಗಿನಲ್ಲೋ ಇರಬಹುದು, ಹಳೆಯ ಸೆನ್ಸರ್ ಇನ್ನೂ ಕೆಲಸಕ್ಕೆ ಬಂದೀತು.