ಗಾಳದ ಪಂದ್ಯಗಳು: ಕೆರೆಗಳ ಹಿತವೂ ದೋಣಿಗಳ ಸುರಕ್ಷಿತತೆಯೂ

ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರೂ ತಾಲೂಕುಗಳ ಒಕ್ಕಲುತನಕ್ಕೆ ಘಟಪ್ರಭೆಯ ನೀರೇ ಮುಖ್ಯ ಆಧಾರವಾಗಿರುವದು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿರುವ ರಾಜಾ ಲಖಮಗೌಡ ಜಲಾಶಯದಲ್ಲಿ ಸುಮಾರು 51 ಟಿ.ಎಂ.ಸಿ., ಅಂದರೆ 5,100 ಕೋಟಿ ಘನ ಅಡಿ ನೀರು ನಿಲ್ಲುತ್ತದೆ. ಅದರ ಕೆಳಗೆ ಗೋಕಾಕ ತಾಲೂಕಿನ ಧೂಪದಾಳದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಒಡ್ಡು ಇದೆ. ಈ ನೀರು ಕಬ್ಬಿಗೂ ಗೋವಿನಜೋಳಕ್ಕೂ ಒದಗುವದಲ್ಲದೆ, ಅನೇಕ ಮೀನುಗಾರ ಕುಟುಂಬಗಳ ಅನ್ನವೂ ಆಗಿರುತ್ತದೆ. ಆದುದರಿಂದ ಯಾರಾದರೂ ಊರ ಕೆರೆಯಲ್ಲಿ ಗಾಳದ ಪಂದ್ಯವನ್ನು ಏರ್ಪಡಿಸಲು ಒಪ್ಪಿಗೆ ಕೇಳಿದಲ್ಲಿ, ಅದರ ಲಾಭಹಾನಿಗಳನ್ನು ಗ್ರಾಮದ ಹಿರಿಯರು ಮುಂಚಿತವಾಗಿ ತಿಳಿದುಕೊಂಡಿರುವದು ಅವಶ್ಯವು.

ಪಂದ್ಯದ ಪದ್ಧತಿ

ಬಹುಮಾನಕ್ಕಾಗಿ ಗಾಳ ಹಾಕುವ ಈಗಿನ ಪದ್ಧತಿಯು ಅಮೇರಿಕೆಯಲ್ಲಿ ಬೆಳೆದು ಬಂದಿತು. ಅಲ್ಲಿ ರೇ ಸ್ಕಾಟ್ ಎಂಬವರು 1967ರಲ್ಲಿ ಬೀವರ್ ಸರೋವರದಲ್ಲಿ ಬಾಸ್ ಎಂಬ ಮೀನಿಗಾಗಿ ದೊಡ್ಡ ಪಂದ್ಯವನ್ನು ನಡೆಯಿಸಿದರು. ಹಿಡಿದ ಮೀನುಗಳೆಲ್ಲ ಸಾಯುತ್ತಿದ್ದುದನ್ನು ಕಂಡು, 1972ರಿಂದ ಮೀನನ್ನು ಜೀವಂತವಾಗಿಟ್ಟು ತೂಗಿ ಮರಳಿ ನೀರಿಗೆ ಬಿಡುವ ರೂಢಿಯನ್ನು ತಂದರು. ಆದರೆ ಬಿಟ್ಟ ಮೀನೆಲ್ಲ ಬದುಕುವದೆಂದು ತಿಳಿಯಕೂಡದು. ಬೇಸಿಗೆಯಲ್ಲಿ ನೀರು ಕಾದಷ್ಟೂ ಅದರಲ್ಲಿ ಕರಗಿರುವ ಪ್ರಾಣವಾಯು ಕಡಿಮೆಯಾಗುತ್ತದೆ. ಬಹಳ ಹೊತ್ತು ಎಳೆದಾಡಿ ದಣಿದ ಮೀನನ್ನು ತೊಟ್ಟಿಯಲ್ಲಿ ಕೂಡಿಹಾಕಿ, ಒಣಗಿದ ಕೈಯಿಂದ ಹಿಡಿದರೆ ಅದರ ಮೈಮೇಲಿನ ಲೋಳೆಯು ಹೋಗಿ ರೋಗ ತಗಲುವದು. ಅಂಥ ಮೀನು ಪಂದ್ಯ ಮುಗಿದ ಒಂದೆರಡು ದಿವಸಗಳ ಮೇಲೆ ಸಾಯುವದುಂಟು. ಆ ಲೆಕ್ಕವು ಯಾರ ವಹಿಯಲ್ಲಿಯೂ ಬರುವದಿಲ್ಲ.

ಕಾಟ್ಲಾ, ರೋಹು, ಮೃಗಾಲ ಈ ಮೂರು ಜಾತಿಗಳು ನಿಂತ ನೀರಿನ ಕೆರೆಯಲ್ಲಿ ಸಾಮಾನ್ಯವಾಗಿ ಮರಿ ಮಾಡುವದಿಲ್ಲ. ಅವುಗಳಿಗೆ ಮಳೆಗಾಲದ ಹರಿಯುವ ಹೊಸ ನೀರು ಬೇಕು. ಆದುದರಿಂದ ಕೆರೆಗೆ ಮರಿಗಳನ್ನು ಹಣ ಕೊಟ್ಟು ತಂದು ಬಿಡಬೇಕಾಗುತ್ತದೆ. ಕೆರೆಯನ್ನು ಗುತ್ತಿಗೆ ಹಿಡಿದ ಮೀನುಗಾರರ ಸಹಕಾರಿ ಸಂಘವು ಹೀಗೆ ಬಿಟ್ಟು ಬೆಳೆಯಿಸಿದ ಮೀನು ಹೊಲದಲ್ಲಿ ನಿಂತ ಪೈರಿನಂತೆಯೇ ಅದರ ಸೊತ್ತಾಗಿರುತ್ತದೆ. ಸಂಘವನ್ನು ಕೇಳದೆ ಪಂದ್ಯಕ್ಕೆ ಒಪ್ಪುವದು ನ್ಯಾಯವಲ್ಲ. ನದಿಯಲ್ಲಿಯಾದರೋ ಹಾನಿಯು ಬೇರೆ ವಿಧದ್ದು. ಬಹುಮಾನವು ಅತಿ ದೊಡ್ಡ ಮೀನಿಗೆ ಸಲ್ಲುವದರಿಂದ ಮೊಟ್ಟೆ ತುಂಬಿದ ದೊಡ್ಡ ಹೆಣ್ಣುಮೀನುಗಳೇ ಮೊದಲು ಹಿಡಿಯಲ್ಪಡುತ್ತವೆ. ಒಂದು ಬೆಳೆದ ಹೆಣ್ಣು ರೋಹು ಲಕ್ಷಕ್ಕೂ ಮಿಕ್ಕಿ ಮೊಟ್ಟೆಗಳನ್ನಿಡಬಲ್ಲದು. ಹೀಗೆ ಬೀಜವೇ ಹೋದರೆ ಮುಂದಿನ ವರ್ಷದ ಬೆಳೆ ಎಲ್ಲಿಯದು?

ಹೊರಗಿನ ಮೀನಿನ ಅಪಾಯ

ಆಟದ ಸಲುವಾಗಿ ಪರಸ್ಥಳದ ಮೀನನ್ನು ತಂದು ಬಿಡುವದು ಎಲ್ಲಕ್ಕಿಂತ ದೊಡ್ಡ ತಪ್ಪು. ಜಪಾನಿನಲ್ಲಿ 1925ರಲ್ಲಿ ಬಾಸ್ ಮೀನನ್ನು ಒಂದು ಸರೋವರಕ್ಕೆ ತರಲಾಯಿತು. ಕಾಲಾಂತರದಲ್ಲಿ ಅದು ಬೀವಾ ಎಂಬ ದೊಡ್ಡ ಸರೋವರದಲ್ಲಿಯೂ ಹಬ್ಬಿ ಅಲ್ಲಿಯ ಸಣ್ಣ ಮೀನುಗಳನ್ನು ತಿಂದುಹಾಕಿತು. ಹಿಡಿದ ಬಾಸ್ ಮೀನನ್ನು ಮರಳಿ ನೀರಿಗೆ ಬಿಡಕೂಡದೆಂದು 2003ರಲ್ಲಿ ಅಲ್ಲಿ ನಿಯಮ ಮಾಡಬೇಕಾಯಿತು.

ಕರ್ನಾಟಕದ ಉದಾಹರಣೆಯೂ ಉಂಟು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿ ನದಿಯಲ್ಲಿ 120 ಪೌಂಡು ತೂಕದ ಮಹಸೀರ ಮೀನನ್ನು ಗಾಳದಿಂದ ಹಿಡಿದಿದ್ದರು. ಮುಂದೆ ಕಾವೇರಿಯ ಮಹಸೀರ ಕಡಿಮೆಯಾಗತೊಡಗಿದಾಗ, ಸದುದ್ದೇಶದಿಂದಲೇ, ಕೃಷ್ಣಾ ಕಣಿವೆಯ ನೀಲಿ ರೆಕ್ಕೆಯ ಮಹಸೀರದ ಮರಿಗಳನ್ನು ಅಲ್ಲಿ ಬಿಡಲಾಯಿತು. ಬಂದ ಜಾತಿಯು ಹೆಚ್ಚಿತು. ಕಾವೇರಿಯ ಸ್ವಂತದ ಗೂನುಬೆನ್ನಿನ ಮಹಸೀರವು 2018ರಲ್ಲಿ ಅತ್ಯಂತ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಯನ್ನು ಸೇರಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ತಿಳುವಳಿಕೆಯಿಲ್ಲದಿದ್ದರೆ ಕೆಡಕಾಗುವದಕ್ಕೆ ಇದು ನಿದರ್ಶನವು. ಭಾರತದಲ್ಲಿ ನಿಷಿದ್ಧವಾಗಿರುವ ಆಫ್ರಿಕಾದ ಕ್ಯಾಟ್‌ಫಿಶ್ ಮೀನನ್ನಂತೂ ಯಾವ ಕಾರಣಕ್ಕೂ ಕೆರೆಗೆ ಬಿಡಕೂಡದು.

ದೋಣಿಗಳ ವಿಷಯ

ಮೀನಿನ ಹಾನಿಯನ್ನು ಕಾಲಕ್ರಮದಲ್ಲಿ ತುಂಬಿಕೊಳ್ಳಬಹುದು. ಹೋದ ಜೀವವು ಮರಳುವದಿಲ್ಲ. 2019ನೆಯ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ, ಮಿತಿಮೀರಿ ಜನರು ಹತ್ತಿದ್ದ ದೋಣಿಯು ಮಗುಚಿ 16 ಜನರು ತೀರಿಕೊಂಡರು. ಹರಿಗೋಲಿನಲ್ಲಿ ಈ ಅಪಾಯವು ಇನ್ನೂ ಹೆಚ್ಚು. ಅದರ ತಳವು ಚಪ್ಪಟೆಯಾಗಿದ್ದು ಅಂಚು ಗಿಡ್ಡವಾಗಿರುವದರಿಂದ, ದೊಡ್ಡ ಮೀನು ಸಿಕ್ಕೊಡನೆ ಎಲ್ಲರೂ ಒಂದೇ ಬದಿಗೆ ಎದ್ದು ನಿಂತರೆ ನೀರು ಒಳಗೆ ನುಗ್ಗುತ್ತದೆ. ಪಂದ್ಯದಲ್ಲಿ ಅವಸರವೂ ಹುರುಪೂ ಕೂಡಿರುವದರಿಂದ ಇಂಥ ತಪ್ಪು ಸುಲಭವಾಗಿ ಘಟಿಸುವದು.

ಹಿಡಕಲ್ಲಿನಿಂದ ನೀರು ಬಿಟ್ಟಾಗ ಕೆಳಗಿನ ಹೊಳೆಯು ಏರುತ್ತದೆ. ಹಿರಣ್ಯಕೇಶಿಯೂ ಮಾರ್ಕಂಡೇಯವೂ ಬಂದು ಕೂಡುವದರಿಂದ ಗೋಕಾಕದ ಹತ್ತಿರ ಪ್ರವಾಹವು ಮತ್ತಷ್ಟು ಹೆಚ್ಚುವದು. 2019ನೆಯ ಆಗಸ್ಟ್ ತಿಂಗಳಿನ ಮಹಾಪೂರವನ್ನು ಅಲ್ಲಿಯ ಜನರು ಮರೆತಿರಲಾರರು. ಧೂಪದಾಳದ ಒಡ್ಡಿನ ಸಮೀಪಕ್ಕೂ ಗೋಕಾಕ ಜಲಪಾತದ ಮೇಲಣ ಪ್ರವಾಹಕ್ಕೂ ದೋಣಿಯನ್ನು ಎಂದೂ ಒಯ್ಯಬಾರದು. ಬೇಸಿಗೆಯಲ್ಲಿ ಜಲಾಶಯವು ಇಳಿದಾಗ ಮುಳುಗಿದ ಬೊಡ್ಡೆಗಳೂ ದಂಡೆಯ ಹೂಳೂ ಅಪಾಯಕರವಾಗಿರುತ್ತವೆ.

ಗ್ರಾಮದ ಹಿರಿಯರು ಪಾಲಿಸತಕ್ಕ ಸಂಗತಿಗಳು

1. ಮೀನುಗಾರಿಕೆ ಇಲಾಖೆ, ನೀರಾವರಿ ಅಧಿಕಾರಿಗಳು ಹಾಗೂ ಗುತ್ತಿಗೆದಾರ ಸಂಘ ಇವರ ಲಿಖಿತ ಒಪ್ಪಿಗೆಯಿಲ್ಲದೆ ಪಂದ್ಯಕ್ಕೆ ಆಸ್ಪದ ಕೊಡಕೂಡದು.

2. ಧೂಪದಾಳದ ಘಟಪ್ರಭಾ ಪಕ್ಷಿಧಾಮದಲ್ಲಿ ಪಂದ್ಯ ಸಲ್ಲದು; ಅದಕ್ಕೆ 1972ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅನ್ವಯಿಸುತ್ತದೆ.

3. ಮಳೆಗಾಲದಲ್ಲಿ, ಅಂದರೆ ಮೀನು ಮೊಟ್ಟೆಯಿಡುವ ಮತ್ತು ಹೊಳೆಯೇರುವ ಕಾಲದಲ್ಲಿ, ಪಂದ್ಯವನ್ನು ನಡೆಯಿಸಬಾರದು.

4. ದೋಣಿ ಹತ್ತುವ ಪ್ರತಿಯೊಬ್ಬನೂ, ಈಜು ಬಲ್ಲವನಾದರೂ, ಲೈಫ್ ಜಾಕೆಟ್ ತೊಡತಕ್ಕದ್ದು. ಮದ್ಯ ಸೇವಿಸಿದವರನ್ನು ಹತ್ತಿಸಕೂಡದು. ಕತ್ತಲಾಗುವ ಮೊದಲು ಎಲ್ಲ ದೋಣಿಗಳೂ ದಂಡೆಗೆ ಬರತಕ್ಕದ್ದು. ಹೋದವರನ್ನೂ ಬಂದವರನ್ನೂ ಎಣಿಸಿಡಬೇಕು.

5. ನೈಲಾನ್ ದಾರವನ್ನೂ ಗಾಳಗಳನ್ನೂ ದಂಡೆಯಲ್ಲಿ ಬಿಡಗೊಡಬಾರದು. ಅವು ಹಕ್ಕಿಗಳ ಕಾಲಿಗೆ ಸುತ್ತುವವು. ಮೇವಿನೊಡನೆ ದನಗಳ ಹೊಟ್ಟೆಗೂ ಹೋಗುವವು.

6. ಸಿಡಿಮದ್ದು ಅಥವಾ ವಿಷ ಹಾಕಿ ಮೀನು ಹಿಡಿಯುವವರನ್ನು ಕಂಡರೆ ಕೂಡಲೇ ವರದಿ ಮಾಡಬೇಕು. ಇದು 1897ನೆಯ ಮೀನುಗಾರಿಕೆ ಕಾಯಿದೆಯಿಂದಲೇ ಅಪರಾಧವೆನಿಸಿದೆ.

ಪಂದ್ಯದಿಂದ ನಾಲ್ಕು ಜನ ಪ್ರವಾಸಿಗಳು ಬಂದು ಊರಿಗೆ ಅಲ್ಪಸ್ವಲ್ಪ ಆದಾಯವಾಗಬಹುದು. ಆದರೆ ಆ ಹಣವು ಒಂದು ದಿವಸದ್ದು; ಕೆರೆಯು ವರ್ಷವಿಡೀ ಊರಿಗೆ ಬೇಕು. ಮೇಲೆ ಹೇಳಿದ ನಿಯಮಗಳಿಗೆ ಒಪ್ಪುವವರಿಗೆ ಮಾತ್ರ ಅನುಮತಿ ಸಿಗುವಂತೆ ನೋಡಿಕೊಳ್ಳುವದೂ, ಒಪ್ಪದವರನ್ನು ಮರ್ಯಾದೆಯಿಂದಲೇ ಹಿಂದಕ್ಕೆ ಕಳಿಸುವದೂ ಗ್ರಾಮದ ಹಿರಿಯರ ಕರ್ತವ್ಯವಾಗಿರುತ್ತದೆ.