ಬಯಲಿನಲ್ಲಿ ಹಾಡು: ಕೊನೆಯ ಸಾಲಿಗೆ ಮಾತು ಏಕೆ ತಲುಪುವುದಿಲ್ಲ?

ಮಾಘ ಮಾಸದ ಒಂದು ತಿಳಿರಾತ್ರಿ. ಮೋಕದ ಮನೆಯೊಂದರ ಮಾಳಿಗೆಯ ಮೇಲೆ ನೀವು ನಿಂತಿದ್ದೀರಿ. ಹಗರಿಯ ಎರೆಹೊಲಗಳಾಚೆ, ಒಂದೆರಡು ಕಿಲೋಮೀಟರ್ ದೂರದ ಊರಿನಲ್ಲಿ ಬಯಲಾಟ ನಡೆದಿದೆ. ಮದ್ದಳೆಯ ಪೆಟ್ಟು, ಹಿಮ್ಮೇಳದ ಏರುದನಿ ಪಕ್ಕದ ಓಣಿಯಲ್ಲೇ ಇದ್ದಂತೆ ಕೇಳಿಬರುತ್ತಿವೆ. ಇಷ್ಟು ಚೆನ್ನಾಗಿ ಕೇಳುವಾಗ ಹೋಗಿಯೇ ಬಿಡೋಣ ಎಂದು ಮರುದಿನ ಆ ಊರಿಗೆ ಹೋಗಿ ಜನರ ಹಿಂದೆ, ಕೊನೆಯ ಸಾಲಿನಲ್ಲಿ ಕೂರುತ್ತೀರಿ. ರಂಗ ನಿಮ್ಮಿಂದ ಅರವತ್ತು ಮೀಟರ್ ದೂರವೂ ಇಲ್ಲ. ಕಂಬಕ್ಕೊಂದು ಹಾರ್ನ್ ಕಟ್ಟಿದ್ದಾರೆ. ಶಬ್ದಕ್ಕೆ ಕೊರತೆಯಿಲ್ಲ. ಆದರೆ ಭೀಮ ಏನು ಹೇಳಿದ, ದುರ್ಯೋಧನ ಏನು ಉತ್ತರ ಕೊಟ್ಟ ಎಂಬುದು ಮಾತ್ರ ತಿಳಿಯುವುದಿಲ್ಲ!

ಇದು ಬಳ್ಳಾರಿ ಸೀಮೆಯ ಬಯಲಾಟಕ್ಕಷ್ಟೇ ಅಂಟಿದ ತೊಂದರೆಯಲ್ಲ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಹಾಡಿದವು. ರಾಕ್ ಸಂಗೀತದ ಅಭಿಮಾನಿಗಳನ್ನು ಮಾತಿಗೆಳೆದು ನೋಡಿ. ಎದುರು ನಿಂತು ಕೇಳುವ ಸುಖ ಸಿ.ಡಿ.ಯಲ್ಲಿ ಎಲ್ಲಿ ಬರಬೇಕು ಎನ್ನುತ್ತಾನೆ ಒಬ್ಬ. ಮೈದಾನದಲ್ಲಿ ಬರೀ ಗದ್ದಲ, ಹಾಡು ಕೇಳಬೇಕಾದರೆ ಮನೆಯೇ ಸರಿ ಎನ್ನುತ್ತಾನೆ ಇನ್ನೊಬ್ಬ. ವಿಚಿತ್ರವೆಂದರೆ ಇಬ್ಬರ ಮಾತೂ ನಿಜವಿರಬಹುದು, ಅವರು ನಿಂತ ಜಾಗ ಬೇರೆ ಬೇರೆಯಾಗಿದ್ದರೆ! ಇದರ ಹಿಂದಿನ ಭೌತವಿಜ್ಞಾನವನ್ನು ಸ್ವಲ್ಪ ನೋಡೋಣ.

ದೂರ ಇಮ್ಮಡಿಯಾದರೆ

ತೆರೆದ ಬಯಲಿನಲ್ಲಿ ಶಬ್ದ ಎಲ್ಲ ದಿಕ್ಕಿಗೂ ಹರಡುತ್ತದೆ. ದೂರ ಎರಡು ಪಟ್ಟಾದಾಗ ಅದೇ ಶಕ್ತಿ ನಾಲ್ಕು ಪಟ್ಟು ವಿಸ್ತಾರಕ್ಕೆ ಹಂಚಿಹೋಗುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಹೇಳುವುದಾದರೆ, ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಕೆ. ಗಟ್ಟಿ ಕಂಠದ ನಟನ ದನಿ 1 ಮೀಟರ್ ದೂರದಲ್ಲಿ 90 ಡೆಸಿಬೆಲ್ ಇದೆಯೆಂದುಕೊಳ್ಳಿ. 8 ಮೀಟರ್‌ಗೆ ಅದು 72, 32 ಮೀಟರ್‌ಗೆ 60, 64 ಮೀಟರ್‌ಗೆ 54 ಡೆಸಿಬೆಲ್. ಅಲ್ಲಿ ಕುಳಿತ ಜನರ ಪಿಸುಮಾತು, ಮಕ್ಕಳ ಅಳು, ಕಡಲೆಕಾಯಿ ಮಾರುವವರ ಕೂಗು ಎಲ್ಲ ಸೇರಿದರೆ ಅಷ್ಟೇ ಆಗುತ್ತದೆ. ಹಾಗಾಗಿ ಮಾತು ಮುಳುಗುತ್ತದೆ.

ಮೈಕು ಬರುವ ಮೊದಲಿನ ಕಾಲದ ಕಲಾವಿದರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಆದರೆ ಉಪಾಯ ಗೊತ್ತಿತ್ತು. ಬಯಲಾಟದ ಅಟ್ಟವನ್ನು ಎತ್ತರಕ್ಕೆ ಕಟ್ಟುತ್ತಾರೆ, ಏಕೆಂದರೆ ಕುಳಿತವರ ತಲೆಗಳ ಮೇಲೆ ಸವರಿಕೊಂಡು ಹೋಗುವ ಶಬ್ದವನ್ನು ಆ ತಲೆಗಳೂ ಬಟ್ಟೆಗಳೂ ಹೀರುತ್ತವೆ. ಹಾಡನ್ನು ಏರುಶ್ರುತಿಯಲ್ಲಿ ಎಳೆದು ಹೇಳುತ್ತಾರೆ. ಮನುಷ್ಯನ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು 2000ದಿಂದ 5000 ಹರ್ಟ್ಜ್ ಆವೃತ್ತಿಗಳಿಗೆ. ಗಂಟಲು ಬಿಗಿಹಿಡಿದು ಏರಿಸಿದ ದನಿಯಲ್ಲಿ ಆ ಭಾಗದ ಶಕ್ತಿ ಹೆಚ್ಚು. ಪಾತ್ರಧಾರಿ ಹಾಡಿದ್ದನ್ನು ಹಿಮ್ಮೇಳದವರು ಮತ್ತೆ ಎತ್ತಿ ಹಾಡುತ್ತಾರೆ. ಮೊದಲ ಸಲ ತಪ್ಪಿದ ಪದ ಎರಡನೆಯ ಸಲ ಸಿಗುತ್ತದೆ. ಸಂದೇಶವನ್ನು ಮರುಕಳಿಸಿ ಕಳಿಸುವ ಈ ತಂತ್ರವನ್ನು ಇಂದಿನ ಸಂಪರ್ಕ ಎಂಜಿನಿಯರರೂ ಬಳಸುತ್ತಾರೆ. ಬಳ್ಳಾರಿ ರಾಘವರಂಥ (1880–1946) ನಟರು, ಜೋಳದರಾಶಿ ದೊಡ್ಡನಗೌಡರಂಥ ಗಮಕಿಗಳು ಬೆಳೆದು ಬಂದದ್ದು ಅಕ್ಷರ ಅಕ್ಷರವನ್ನೂ ಬಿಡಿಸಿ ಹೇಳುವುದಕ್ಕೆ ಬೆಲೆಯಿದ್ದ ಇಂಥ ನೆಲದಲ್ಲಿ.

ಮಾಳಿಗೆಯ ಮೇಲೆ ಕೇಳಿದ್ದು ಹೇಗೆ?

ಹಾಗಾದರೆ ಎರಡು ಕಿಲೋಮೀಟರ್ ದೂರಕ್ಕೆ ಹಾಡು ಬಂದದ್ದು ಹೇಗೆ? ಇದು ಗಾಳಿಯ ಉಷ್ಣತೆಯ ಆಟ. ಶಬ್ದದ ವೇಗ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್. ಉಷ್ಣತೆ ಒಂದು ಡಿಗ್ರಿ ಏರಿದರೆ ವೇಗ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಬಳ್ಳಾರಿಯ ಹಗಲು ನಿಮಗೆ ಗೊತ್ತೇ ಇದೆ. ಕಾದ ಕರಿಮಣ್ಣಿಗೆ ತಾಗಿದ ಗಾಳಿ ಬಿಸಿ, ಮೇಲಿನದು ಅದಕ್ಕಿಂತ ತಂಪು. ರಾತ್ರಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಬೇಗ ತಣಿಯುತ್ತದೆ. ಆಗ ನೆಲದ ಬಳಿಯ ಗಾಳಿ ತಂಪಾಗಿ, ಮೇಲಿನ ಗಾಳಿ ಬೆಚ್ಚಗಿರುತ್ತದೆ. ಇದನ್ನು ಉಷ್ಣತಾ ವಿಪರ್ಯಯ ಎನ್ನುತ್ತಾರೆ.

ನಾಲ್ಕಾರು ಮಂದಿ ಕೈಹಿಡಿದು ಒಂದೇ ಸಾಲಾಗಿ ನಡೆಯುವುದನ್ನು ಊಹಿಸಿಕೊಳ್ಳಿ. ಒಂದು ತುದಿಯವರು ಬೇಗ ಹೆಜ್ಜೆಹಾಕಿದರೆ ಇಡೀ ಸಾಲು ನಿಧಾನವಾಗಿ ನಡೆಯುವವರ ಕಡೆಗೆ ಬಾಗುತ್ತದೆ, ಅಲ್ಲವೇ? ಶಬ್ದದ ತರಂಗವೂ ಹಾಗೆಯೇ ತಂಪು ಗಾಳಿಯ ಕಡೆಗೆ ಬಾಗುತ್ತದೆ. ಹಗಲಿನಲ್ಲಿ ಅದು ಮೇಲಕ್ಕೆ ಬಾಗಿ ಆಕಾಶದ ಪಾಲಾಗುತ್ತದೆ; ನೆಲದ ಮೇಲೆ ದೂರದಲ್ಲಿರುವವರು ಶಬ್ದದ ನೆರಳಿನಲ್ಲಿ ಉಳಿಯುತ್ತಾರೆ. ರಾತ್ರಿ ಅದು ಕೆಳಕ್ಕೆ ಬಾಗಿ ಮತ್ತೆ ನೆಲಕ್ಕಿಳಿಯುತ್ತದೆ. ಮೋಕದ ಸುತ್ತಲಿನಂಥ ಬಟಾಬಯಲಿನಲ್ಲಿ ನಡುವೆ ತಡೆಯೂ ಇಲ್ಲ, ನಡುರಾತ್ರಿಯಲ್ಲಿ ಬೇರೆ ಸದ್ದೂ ಇಲ್ಲ.

ಆದರೆ ನೆನಪಿಸಿಕೊಳ್ಳಿ: ಮಾಳಿಗೆಯ ಮೇಲೆ ನಿಮಗೆ ಕೇಳಿದ್ದು ರಾಗ ಮತ್ತು ತಾಳ. ಮಾತು ಅಲ್ಲಿಯೂ ಕೇಳಿರಲಿಲ್ಲ! ಗಾಳಿ ಎಲ್ಲ ಆವೃತ್ತಿಗಳನ್ನೂ ಸಮನಾಗಿ ಸಾಗಿಸುವುದಿಲ್ಲ. 20 ಡಿಗ್ರಿ ಉಷ್ಣತೆ, ಶೇಕಡಾ 70 ತೇವಾಂಶವಿರುವಾಗ 1000 ಹರ್ಟ್ಜ್ ಶಬ್ದವನ್ನು ಗಾಳಿ ಕಿಲೋಮೀಟರಿಗೆ ಸುಮಾರು 5 ಡೆಸಿಬೆಲ್‌ನಷ್ಟು ಮಾತ್ರ ಹೀರುತ್ತದೆ. 8000 ಹರ್ಟ್ಜ್ ಶಬ್ದವನ್ನು ಸುಮಾರು 77 ಡೆಸಿಬೆಲ್‌ನಷ್ಟು! 15 ಡಿಗ್ರಿಯಲ್ಲಿ ತೇವಾಂಶ ಶೇಕಡಾ 20ಕ್ಕೆ ಇಳಿದರೆ ಈ ಹೀರಿಕೆ ಸುಮಾರು 200 ಡೆಸಿಬೆಲ್‌ಗೆ ಏರುತ್ತದೆ. ಸ್ವರಗಳ ಶಕ್ತಿ ಹೆಚ್ಚಾಗಿ ಕೆಳಗಿನ ಆವೃತ್ತಿಗಳಲ್ಲಿದೆ. ಸ, ಶ, ಚ, ತ ಮುಂತಾದ ವ್ಯಂಜನಗಳ ಗುರುತು ಮೇಲಿನ ಆವೃತ್ತಿಗಳಲ್ಲಿದೆ, ಅದೂ ಕ್ಷೀಣವಾಗಿ. ದಾರಿಯಲ್ಲಿ ವ್ಯಂಜನಗಳು ಕಳೆದುಹೋಗಿ ಬರೀ ಸ್ವರಗಳು ಬಂದು ಮುಟ್ಟುತ್ತವೆ. ದೂರದ ಮೆರವಣಿಗೆಯ ಡಿ.ಜೆ.ಯಿಂದ ‘ದುಂ ದುಂ’ ಎಂಬುದಷ್ಟೇ ಕೇಳುವುದಕ್ಕೂ ಇದು ಒಂದು ಕಾರಣ. 100 ಹರ್ಟ್ಜ್ ಶಬ್ದದ ತರಂಗದೂರ ಸುಮಾರು 3.4 ಮೀಟರ್, ಅದು ಗೋಡೆ ಮನೆಗಳನ್ನು ಬಳಸಿಕೊಂಡು ಬರುತ್ತದೆ. 4000 ಹರ್ಟ್ಜ್ ಶಬ್ದದ ತರಂಗದೂರ ಒಂಬತ್ತು ಸೆಂಟಿಮೀಟರಿಗೂ ಕಡಿಮೆ. ಮುಂದೆ ಕುಳಿತವರ ತಲೆಯೇ ಅದಕ್ಕೆ ಅಡ್ಡಗೋಡೆ.

ಕಂಬಕ್ಕೊಂದು ಹಾರ್ನ್

ಕೊನೆಯ ಸಾಲಿನವರಿಗೆ ಕೇಳಿಸುತ್ತಿಲ್ಲ ಎಂದಾಗ ನಾವು ಮಾಡುವುದೇನು? ಒಂದೋ ಆಂಪ್ಲಿಫೈಯರಿನ ತಿರುಪು ತಿರುಗಿಸುತ್ತೇವೆ, ಇಲ್ಲವೇ ಇನ್ನೊಂದು ಕಂಬಕ್ಕೆ ಇನ್ನೊಂದು ಹಾರ್ನ್ ಕಟ್ಟುತ್ತೇವೆ. ಮೊದಲನೆಯದರಿಂದ ಲಾಭ ಕಡಿಮೆ. ಶಬ್ದ ಎರಡರಷ್ಟು ಜೋರೆನಿಸಬೇಕಾದರೆ ವಿದ್ಯುತ್ ಶಕ್ತಿ ಸುಮಾರು ಹತ್ತು ಪಟ್ಟು ಬೇಕು. 100 ವಾಟ್ ಇದ್ದಲ್ಲಿ 1000 ವಾಟ್. ಅಷ್ಟು ಶಕ್ತಿಯಿಲ್ಲದ ಆಂಪ್ಲಿಫೈಯರನ್ನು ಹಿಂಡಿದರೆ ತರಂಗಗಳ ತುದಿಗಳು ಕತ್ತರಿಸಿಹೋಗಿ ಮೂಲದಲ್ಲಿಲ್ಲದ ಹೊಸ ಆವೃತ್ತಿಗಳು ಹುಟ್ಟುತ್ತವೆ. ಆಗ ದನಿ ಒಡೆದು ಕರ್ಕಶವಾಗುತ್ತದೆ.

ಎರಡನೆಯದು ಇನ್ನೂ ಕುತೂಹಲದ ಸಂಗತಿ. ವಿದ್ಯುತ್ ಸಂಕೇತ ತಂತಿಯಲ್ಲಿ ಕ್ಷಣಾರ್ಧದಲ್ಲಿ ಎಲ್ಲ ಹಾರ್ನ್‌ಗಳಿಗೂ ತಲುಪುತ್ತದೆ. ಆದರೆ ಗಾಳಿಯಲ್ಲಿ ಶಬ್ದ ನಡೆದೇ ಬರಬೇಕು. ರಂಗದಿಂದ 60 ಮೀಟರ್ ದೂರದ ಕಂಬದ ಬುಡದಲ್ಲಿ ನೀವು ಕುಳಿತರೆ ಆ ಕಂಬದ ಹಾರ್ನ್ ತಕ್ಷಣ ಮಾತಾಡುತ್ತದೆ. ರಂಗದ ಬಳಿಯ ಹಾರ್ನಿನ ಅದೇ ಮಾತು 60 ÷ 346, ಅಂದರೆ ಸುಮಾರು 0.17 ಸೆಕೆಂಡು ತಡವಾಗಿ ಬರುತ್ತದೆ. ನಾವು ಸೆಕೆಂಡಿಗೆ ಐದಾರು ಅಕ್ಷರಗಳನ್ನು ಉಚ್ಚರಿಸುತ್ತೇವೆ. ಹಾಗಾದರೆ ಒಂದು ಅಕ್ಷರದ ಮೇಲೆ ಅದರ ಹಿಂದಿನ ಅಕ್ಷರ ಬಂದು ಬಿದ್ದಂತಾಯಿತು. ನಡುವೆ ಇನ್ನೂ ಎರಡು ಕಂಬಗಳಿದ್ದರೆ ಕೇಳುವುದೇ ಬೇಡ! ಭೀಮನ ಮಾತು ತಿಳಿಯದೆ ಹೋದದ್ದು ಶಬ್ದ ಕಡಿಮೆಯಾಗಿ ಅಲ್ಲ, ಒಂದೇ ಮಾತು ನಾಲ್ಕು ಸಲ ಕೇಳಿ.

ಪರಿಹಾರವೂ ಇಲ್ಲಿಯೇ ಇದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಒಂದು ವಿಷಯವನ್ನು ತೋರಿಸಿಕೊಟ್ಟರು. ಒಂದೇ ಶಬ್ದ ಸುಮಾರು 30 ಮಿಲಿಸೆಕೆಂಡುಗಳ ಒಳಗೆ ಎರಡು ಕಡೆಯಿಂದ ಬಂದರೆ ಮಿದುಳು ಅವೆರಡನ್ನೂ ಬೆಸೆದು ಒಂದೇ ಎಂದು ತಿಳಿಯುತ್ತದೆ. ಮೊದಲು ಬಂದದ್ದರ ದಿಕ್ಕನ್ನೇ ನಂಬುತ್ತದೆ. ಆದ್ದರಿಂದ 60 ಮೀಟರ್ ದೂರದ ಸ್ಪೀಕರಿಗೆ ಹೋಗುವ ಸಂಕೇತವನ್ನು ಬೇಕೆಂದೇ 0.17 ಸೆಕೆಂಡು, ಜೊತೆಗೆ ಇನ್ನೊಂದು 10–15 ಮಿಲಿಸೆಕೆಂಡು ತಡೆಹಿಡಿದರೆ ಸಾಕು. ಪಕ್ಕದ ಸ್ಪೀಕರಿನಿಂದ ಬಲ ಸಿಗುತ್ತದೆ, ಆದರೆ ಮಾತು ರಂಗದ ಕಡೆಯಿಂದಲೇ ಬಂದಂತೆ ಭಾಸವಾಗುತ್ತದೆ. ದೊಡ್ಡ ಕಛೇರಿಗಳ ಮೈದಾನದ ನಡುವೆ ನಿಲ್ಲಿಸುವ ಸ್ಪೀಕರ್ ಗೋಪುರಗಳು ಮಾಡುವುದು ಇದನ್ನೇ. ವೇದಿಕೆಯ ಎರಡೂ ಬದಿಗೆ ಬಾಳೆಗೊನೆಯಂತೆ ಬಾಗಿ ತೂಗುವ ಸ್ಪೀಕರ್ ಸಾಲುಗಳನ್ನು ನೀವು ನೋಡಿರಬಹುದು. ಅವು ಶಬ್ದವನ್ನು ಆಕಾಶಕ್ಕೂ ನೆಲಕ್ಕೂ ಚೆಲ್ಲದೆ ಜನರ ಕಡೆಗೇ ಹರಡುತ್ತವೆ. ಸಾಲಿಗೆ ಹತ್ತಿರವಿರುವಷ್ಟು ದೂರ, ದೂರ ಇಮ್ಮಡಿಯಾದರೂ ಇಳಿಕೆ 6ರ ಬದಲು ಸುಮಾರು 3 ಡೆಸಿಬೆಲ್.

ಬೆನ್ನ ಹಿಂದಿನ ಗೋಡೆ

ಸ್ಪೀಕರನ್ನು ಎಲ್ಲಿಡಬೇಕೆಂಬ ಪ್ರಶ್ನೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡದ್ದು ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ತಂಡ. ಇದು ‘ಜಾಮ್ ಬ್ಯಾಂಡ್’ಗಳ ಹಿರಿಯಣ್ಣ. ಜಾಮ್ ಬ್ಯಾಂಡ್ ಎಂದರೆ ಒಂದೇ ಹಾಡನ್ನು ಪ್ರತಿ ರಾತ್ರಿಯೂ ಅಲ್ಲಲ್ಲೇ ಹೊಸದಾಗಿ ಬೆಳೆಸುವ ತಂಡ. ನಮ್ಮಲ್ಲಿ ಮನೋಧರ್ಮ ಎನ್ನುತ್ತೇವಲ್ಲ, ಹಾಗೆ. ಇಂಥ ಸಂಗೀತದಲ್ಲಿ ವಾದಕರು ಒಬ್ಬರನ್ನೊಬ್ಬರು ಸ್ಪಷ್ಟವಾಗಿ ಕೇಳಿಸಿಕೊಳ್ಳಲೇಬೇಕು. 1974ರಲ್ಲಿ ಅವರು ಸುಮಾರು 600 ಸ್ಪೀಕರುಗಳ, ಹಲವು ಟನ್ ತೂಕದ ಒಂದು ಗೋಡೆಯನ್ನೇ ತಮ್ಮ ಬೆನ್ನ ಹಿಂದೆ ಕಟ್ಟಿಸಿದರು. ‘ಶಬ್ದದ ಗೋಡೆ’ ಎಂದೇ ಅದು ಹೆಸರಾಯಿತು. ಪ್ರತಿ ವಾದ್ಯಕ್ಕೂ ಪ್ರತ್ಯೇಕ ಆಂಪ್ಲಿಫೈಯರ್, ಪ್ರತ್ಯೇಕ ಸ್ಪೀಕರ್ ಕಂಬ. ಹೀಗಾಗಿ ಒಂದರ ಶಬ್ದ ಇನ್ನೊಂದನ್ನು ಕೆಡಿಸುವಂತಿರಲಿಲ್ಲ. ವಾದಕರಿಗೂ ಕೇಳುಗರಿಗೂ ಕೇಳುತ್ತಿದ್ದದ್ದು ಒಂದೇ ಶಬ್ದ.

ಆದರೆ ಸ್ಪೀಕರ್ ಹಿಂದೆ, ಮೈಕು ಮುಂದೆ ಇದ್ದರೆ ಏನಾಗುತ್ತದೆ? ಶಾಲೆಯ ವಾರ್ಷಿಕೋತ್ಸವದಲ್ಲಿ ‘ಕುಂಯ್’ ಎಂದು ಮೈಕು ಕಿರುಚಿದ್ದನ್ನು ಕೇಳಿದವರಿಗೆ ಉತ್ತರ ಗೊತ್ತು. ಸ್ಪೀಕರಿನ ಶಬ್ದ ಮೈಕಿಗೆ ಹೊಕ್ಕು, ಹಿಗ್ಗಿ, ಮತ್ತೆ ಸ್ಪೀಕರಿನಿಂದ ಹೊರಟು ಸುತ್ತು ಹಾಕುತ್ತದೆ. ಇದಕ್ಕೆ ಅವರು ಹೂಡಿದ ಉಪಾಯ ತರಗತಿಯಲ್ಲಿ ಹೇಳುವಂಥದ್ದು. ಪ್ರತಿ ಗಾಯಕನಿಗೆ ಒಂದರ ಪಕ್ಕ ಒಂದರಂತೆ ಎರಡು ಮೈಕುಗಳು. ಒಂದರ ಸಂಕೇತ ಇನ್ನೊಂದಕ್ಕೆ ತಿರುವುಮುರುವು. ಹಿಂದಿನ ಗೋಡೆಯ ಶಬ್ದ ಎರಡಕ್ಕೂ ಸಮನಾಗಿ ಬೀಳುವುದರಿಂದ ಕೂಡಿದಾಗ ಸೊನ್ನೆ. ಗಾಯಕ ತುಟಿ ತಾಗಿಸಿ ಹಾಡುವುದು ಒಂದಕ್ಕೆ ಮಾತ್ರ. ಹಾಗಾಗಿ ಅವನ ದನಿ ಉಳಿಯುತ್ತದೆ. ವ್ಯತಿಕರಣದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ತೋಚುವುದಿಲ್ಲ. ಗೋಡೆ ಮಾತ್ರ ಬಹಳ ದಿನ ಬಾಳಲಿಲ್ಲ. ಸಾಗಿಸುವ ಖರ್ಚು ತಾಳಲಾರದೆ ಅದೇ ವರ್ಷ ಕೈಬಿಟ್ಟರು.

ಹಿಮ್ಮೇಳವನ್ನು ಪಾತ್ರಧಾರಿಯ ಬೆನ್ನ ಹಿಂದೆ ನಿಲ್ಲಿಸಿದ ನಮ್ಮ ಬಯಲಾಟದವರ ಏರ್ಪಾಡೂ ಇದೇ ಬಗೆಯದು. ವೇಷಧಾರಿಗೂ ಪ್ರೇಕ್ಷಕನಿಗೂ ತಾಳ ಒಂದೇ ಕಡೆಯಿಂದ ಬರುತ್ತದೆ, ಕುಣಿತ ತಪ್ಪುವುದಿಲ್ಲ.

ಗ್ರೇಟ್‌ಫುಲ್ ಡೆಡ್ ತಂಡದ ಅಭಿಮಾನಿಗಳು ಕಛೇರಿಗಳನ್ನು ತಾವೇ ಧ್ವನಿಮುದ್ರಿಸಿಕೊಳ್ಳುತ್ತಿದ್ದರು; 1984ರಿಂದ ತಂಡವೇ ಅವರಿಗೆ ಪ್ರತ್ಯೇಕ ಜಾಗ ಕೊಟ್ಟಿತು. ಜನರ ನಡುವೆ ಮುದ್ರಿಸಿದ್ದು ಚೆನ್ನವೋ, ವೇದಿಕೆಯ ಯಂತ್ರದಿಂದ ನೇರವಾಗಿ ಪಡೆದದ್ದು ಚೆನ್ನವೋ ಎಂಬ ಜಗಳ ಅವರಲ್ಲಿ ಮುಗಿದೇ ಇಲ್ಲ. ನೀವೂ ಇದನ್ನು ಕಂಡಿರುತ್ತೀರಿ. ಆಟ ಚೆನ್ನಾಗಿ ಕೇಳುತ್ತಿತ್ತೆಂದು ಮೊಬೈಲಿನಲ್ಲಿ ಮುದ್ರಿಸಿ ಮನೆಯಲ್ಲಿ ಹಾಕಿದರೆ ಬರೀ ಗದ್ದಲ! ಎರಡು ಕಿವಿಗಳ ನೆರವಿನಿಂದ ಮಿದುಳು ದಿಕ್ಕು ಹಿಡಿದು, ಬೇಕಾದ ದನಿಯನ್ನು ಗುಂಪಿನಿಂದ ಬೇರ್ಪಡಿಸಿಕೊಳ್ಳುತ್ತದೆ. ಒಂದೇ ಮೈಕಿಗೆ ಆ ವಿವೇಕವಿಲ್ಲ. ಅದಕ್ಕೆ ಭೀಮನೂ ಕಡಲೆಕಾಯಿಯವನೂ ಸಮಾನರು.

ಕಿವಿಯ ಲೆಕ್ಕ

ಜೋರು ಶಬ್ದಕ್ಕೆ ಬೆಲೆ ತೆರುವುದು ಮುಂದಿನ ಸಾಲು, ಮತ್ತು ಅಲ್ಲಿ ಕೂರುವವರು ಸಾಮಾನ್ಯವಾಗಿ ಮಕ್ಕಳು. ಒಳಗಿವಿಯ ಶಂಖದಲ್ಲಿ ಸುಮಾರು 15,000 ರೋಮಕೋಶಗಳಿವೆ. ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಕೆಲಸಗಾರರ ಸುರಕ್ಷತೆಗಾಗಿ ಬಳಸುವ ಒಂದು ಅಳತೆಯ ಪ್ರಕಾರ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಾಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ. 1 ವಾಟ್‌ಗೆ 1 ಮೀಟರಿನಲ್ಲಿ 105 ಡೆಸಿಬೆಲ್ ಕೊಡುವ ಹಾರ್ನಿಗೆ 50 ವಾಟ್ ಹರಿಸಿ, 4 ಮೀಟರ್ ಎದುರಿಗೆ ಮಗುವನ್ನು ಕೂರಿಸಿದರೆ ಅದರ ಕಿವಿಗೆ ಬೀಳುವುದು ಸುಮಾರು 110 ಡೆಸಿಬೆಲ್. ಅವಧಿ ಎರಡು ನಿಮಿಷವೂ ಇಲ್ಲ, ಆಟವೋ ಬೆಳಗಿನವರೆಗೆ! ಮರುದಿನ ಕಿವಿಯಲ್ಲಿ ‘ಗುಂಯ್’ ಎನ್ನುವುದು ಆ ಕೋಶಗಳ ದೂರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಛೇರಿಗಳಿಗೆ ಹೇಳಿದ ಮಿತಿಯೂ ಸರಾಸರಿ 100 ಡೆಸಿಬೆಲ್. ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎನ್ನುತ್ತವೆ; ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಅವಕಾಶವಿಲ್ಲ, ಹಬ್ಬಗಳಿಗೆ ಸರ್ಕಾರ ವರ್ಷದಲ್ಲಿ 15 ದಿನ ನಡುರಾತ್ರಿಯವರೆಗೆ ಸಡಿಲಿಸಬಹುದು. ರಾತ್ರಿಯೆಲ್ಲ ನಡೆಯುವ ಬಯಲಾಟದವರಿಗೆ ಇದು ಇಕ್ಕಟ್ಟು ನಿಜ. ಆದರೆ ಪರೀಕ್ಷೆಗೆ ಓದುವ ಹುಡುಗಿಯ ಮನೆಯೂ ಅದೇ ಓಣಿಯಲ್ಲಿದೆ.

ಮೈದಾನದಲ್ಲಿ ಮಾಡಿ ನೋಡಿ

ಶಿಕ್ಷಕರು ಇದನ್ನು ಒಂದು ಪೀರಿಯಡ್ಡಿನಲ್ಲಿ ತೋರಿಸಬಹುದು. ಶಾಲೆಯ ಉದ್ದ ಗೋಡೆಯಿಂದ 30 ಮೀಟರ್ ದೂರ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಪ್ರತಿಧ್ವನಿ 60 ಮೀಟರ್ ನಡೆದು ಬರುತ್ತದೆ, ಅದೇ 0.17 ಸೆಕೆಂಡು. ಈಗ ಅಲ್ಲಿಂದಲೇ ಗೋಡೆಯತ್ತ ಮುಖ ಮಾಡಿ ಒಂದು ವಾಕ್ಯವನ್ನು ಗಟ್ಟಿಯಾಗಿ, ಬೇಗಬೇಗ ಓದಿಸಿ. ಗೋಡೆಯತ್ತ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತಾ ಚಪ್ಪಾಳೆ ತಟ್ಟುತ್ತಿದ್ದರೆ ಒಂದು ಹಂತದಲ್ಲಿ ಪ್ರತಿಧ್ವನಿ ಚಪ್ಪಾಳೆಯಲ್ಲೇ ಬೆರೆತುಹೋಗುತ್ತದೆ. ಅಲ್ಲಿ ನೆಲದ ಮೇಲೆ ಗೆರೆ ಎಳೆದು ಗೋಡೆಗಿರುವ ದೂರ ಅಳೆಯಿರಿ. ಪ್ರತಿ ವಿದ್ಯಾರ್ಥಿಯ ಗೆರೆಯೂ ಸ್ವಲ್ಪ ಬೇರೆಯಿರುತ್ತದೆ, ಎಲ್ಲವನ್ನೂ ಬರೆದಿಡಿ. ಮುಂದಿನ ಜಾತ್ರೆಗೆ ಕಂಬಗಳನ್ನು ಎಷ್ಟು ದೂರಕ್ಕೆ ನೆಡಬೇಕೆಂದು ಮೈಕಿನವರು ಕೇಳಿದರೆ ಆ ಪಟ್ಟಿಯನ್ನು ತೋರಿಸಬಹುದು.