ರಜಾ ಪ್ರವಾಸ ಮತ್ತು ತೆರಿಗೆ ವಿನಾಯಿತಿ: ಕಾನಸೂರಿನಿಂದ ಹೊರಡುವ ಯಾತ್ರೆಯೊಂದರ ನಿದರ್ಶನ

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿರುವ ಕಾನಸೂರಿನವರಿಗೆ ದೂರದ ಪ್ರಯಾಣವು ಒಂದೇ ವಾಹನದಲ್ಲಿ ಮುಗಿಯತಕ್ಕ ಕಾರ್ಯವಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ಊರುಗಳಲ್ಲಿಯೂ ರೈಲುನಿಲ್ದಾಣವಿಲ್ಲ. ಘಟ್ಟವಿಳಿದು ಕುಮಟೆಗೋ, ಸಿದ್ದಾಪುರದಾಚೆಯ ತಾಳಗುಪ್ಪಕ್ಕೋ, ಇಲ್ಲವೆ ಹುಬ್ಬಳ್ಳಿಗೋ ಬಸ್ಸಿನಲ್ಲಿ ಹೋಗಿ ರೈಲನ್ನು ಹಿಡಿಯಬೇಕು. ಇಂಥ ಕಡೆಯ ನೌಕರನು ರಜೆಯಲ್ಲಿ ಕೈಕೊಂಡ ಪ್ರವಾಸದ ಭತ್ಯೆಗೆ ತೆರಿಗೆ ವಿನಾಯಿತಿಯನ್ನು ಕೇಳುವಾಗ ಏಳುವ ಪ್ರಶ್ನೆಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇತಿಹಾಸದ ಅಧ್ಯಾಪಕನಿಗೆ ಇದು ಹೊರಗಿನ ವಿಷಯವೆಂದು ವಾಚಕರಿಗೆ ತೋರಬಹುದು. ಆದರೆ ಒಂದು ಸೌಲಭ್ಯವು ಯಾವ ಉದ್ದೇಶದಿಂದ ಹುಟ್ಟಿತೆಂಬುದೇ ಅದರ ಮಿತಿಯನ್ನು ನಿರ್ಣಯಿಸುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

ಕೇಂದ್ರ ಸರ್ಕಾರವು ತನ್ನ ನೌಕರರಿಗೆ ರಜಾ ಪ್ರವಾಸ ರಿಯಾಯತಿಯನ್ನು ಆರಂಭಿಸಿದುದು ೧೯೫೬ರಲ್ಲಿ. ಉತ್ತರ ಕನ್ನಡವು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದುದೂ ಅದೇ ವರ್ಷ. ಮುಂದೆ ೧೯೬೧ರ ಆದಾಯ ತೆರಿಗೆ ಕಾಯಿದೆಯ ೧೦(೫)ನೆಯ ಪ್ರಕರಣವು ಇಂಥ ಭತ್ಯೆಗೆ ವಿನಾಯಿತಿಯನ್ನಿತ್ತಿತು. ಅದರ ಲೆಕ್ಕವನ್ನು ೧೯೬೨ರ ನಿಯಮಾವಳಿಯ ೨ ಬಿ ನಿಯಮವು ಹೇಳುತ್ತದೆ. ೨೦೨೫ರ ಹೊಸ ಕಾಯಿದೆಯು ೨೦೨೬ರ ಏಪ್ರಿಲ್ ೧ನ್ನು ತನ್ನ ಆರಂಭದ ದಿನವಾಗಿ ಗೊತ್ತುಪಡಿಸಿರುವುದರಿಂದ ಪ್ರಕರಣಗಳ ಸಂಖ್ಯೆಗಳು ಬದಲಾಗುತ್ತವೆ. ಇಲ್ಲಿಯ ವಿವೇಚನೆಗೆ ೧೯೬೧ರ ಕಾಯಿದೆಯೇ ಆಧಾರ.

ಈಗ ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಕಾನಸೂರಿನಲ್ಲಿ ಮನೆಯಿದ್ದು ಶಿರಸಿಯಲ್ಲಿ ನೌಕರಿ ಮಾಡುವ ಒಬ್ಬನು ರಜೆ ಪಡೆದು, ಹೆಂಡತಿ, ಇಬ್ಬರು ಮಕ್ಕಳು ಹಾಗೂ ತಂದೆತಾಯಿಗಳೊಡನೆ ಕಾಶೀಯಾತ್ರೆಗೆ ಹೊರಡುತ್ತಾನೆ. ಹುಬ್ಬಳ್ಳಿಯವರೆಗೆ ಬಾಡಿಗೆಯ ಕಾರು, ಅಲ್ಲಿಂದ ರೈಲು. ಮರಳುವಾಗ ಅಯೋಧ್ಯೆ, ಹೈದರಾಬಾದುಗಳನ್ನು ಸುತ್ತಿ ಬರುತ್ತಾನೆ.

ಮೊದಲನೆಯದಾಗಿ, ವಿನಾಯಿತಿಯು ಪ್ರಯಾಣದ ದರಕ್ಕೆ ಮಾತ್ರ. ವಸತಿ, ಊಟ, ಕಾಶಿಯೊಳಗಿನ ಓಡಾಟ ಇವುಗಳ ವೆಚ್ಚಕ್ಕಲ್ಲ. ಅದೂ ನೌಕರನು ನಿಜವಾಗಿ ವೆಚ್ಚಮಾಡಿದಷ್ಟಕ್ಕೆ. ಅದರ ಮೇಲಿನ ಮಿತಿಯೆಂದರೆ, ರೈಲುಮಾರ್ಗವಿರುವಲ್ಲಿ ಗಮ್ಯಸ್ಥಾನಕ್ಕಿರುವ ಅತಿ ಸಮೀಪದ ಮಾರ್ಗದ ಹವಾನಿಯಂತ್ರಿತ ಪ್ರಥಮ ದರ್ಜೆಯ ದರ. ಸ್ಲೀಪರ್ ದರ್ಜೆಯಲ್ಲಿ ಹೋದವನು ಪ್ರಥಮ ದರ್ಜೆಯ ಮೊತ್ತವನ್ನು ಕೇಳಲಾಗದು.

ಎರಡನೆಯದಾಗಿ, ಕಾನಸೂರು–ಹುಬ್ಬಳ್ಳಿ ಭಾಗದ ಪ್ರಶ್ನೆ. ರೈಲಿಲ್ಲದ ಕಡೆ ಮಾನ್ಯ ಸಾರ್ವಜನಿಕ ಸಾರಿಗೆಯಿದ್ದರೆ ಅದರ ಪ್ರಥಮ ಅಥವಾ ಡೀಲಕ್ಸ್ ದರ್ಜೆಯ ದರವೇ ಮಿತಿ. ಬಸ್ಸು ಓಡುವ ದಾರಿಯಾದುದರಿಂದ ಕಾರಿನ ಬಾಡಿಗೆ ಎಷ್ಟೇ ಆಗಿದ್ದರೂ ಈ ಮಿತಿಯನ್ನು ಮೀರುವಂತಿಲ್ಲ. ಬಸ್ಸೇ ಇಲ್ಲದ ಕಡೆಯಾಗಿದ್ದರೆ, ಅಷ್ಟೇ ದೂರವನ್ನು ರೈಲಿನಲ್ಲಿ ಕ್ರಮಿಸಿದಂತೆ ಭಾವಿಸಿ ಲೆಕ್ಕ ಹಾಕಲು ಅವಕಾಶವಿತ್ತು.

ಮೂರನೆಯದಾಗಿ, ಸುತ್ತುದಾರಿ. ದಾರಿಯಲ್ಲಿ ಹಲವು ಸ್ಥಳಗಳನ್ನು ನೋಡುವುದಕ್ಕೆ ನಿಷೇಧವಿಲ್ಲ. ಆದರೆ ಇಡೀ ಪ್ರವಾಸದ ಅತ್ಯಂತ ದೂರದ ಸ್ಥಳವನ್ನು ಗಮ್ಯವೆಂದಿಟ್ಟುಕೊಂಡು, ಅಲ್ಲಿಗೆ ನೇರವಾಗಿ ಹೋಗಿಬರುವ ದರವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ರೂಢಿಯ ಕ್ರಮ. ಸುತ್ತಿದುದರಿಂದ ಹೆಚ್ಚಾದ ದರಕ್ಕೆ ತೆರಿಗೆ ತಪ್ಪದು.

ನಾಲ್ಕನೆಯದು ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಿಸಿದುದು. ತಂದೆತಾಯಿಗಳೂ ಒಡಹುಟ್ಟಿದವರೂ ನೌಕರನನ್ನು ಪೂರ್ಣವಾಗಿ ಇಲ್ಲವೆ ಮುಖ್ಯವಾಗಿ ಅವಲಂಬಿಸಿದ್ದರೆ ಮಾತ್ರ ಅವರ ದರ ಸೇರುತ್ತದೆ. ತಂದೆಯ ಹೆಸರಿನಲ್ಲಿ ಅಡಕೆಯ ತೋಟವಿದ್ದು ಅದರ ಉತ್ಪನ್ನದಿಂದಲೇ ಅವರ ಜೀವನ ಸಾಗುತ್ತಿದ್ದರೆ, ಒಂದೇ ಮನೆಯಲ್ಲಿದ್ದರೂ ಅವರನ್ನು ಅವಲಂಬಿತರೆನ್ನುವುದು ಕಷ್ಟ. ಕೃಷಿ ಉತ್ಪನ್ನಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲವೆಂಬುದು ಬೇರೆ ಮಾತು. ಅವಲಂಬನೆಯು ವಸ್ತುಸ್ಥಿತಿಯ ಪ್ರಶ್ನೆ. ೧೯೯೮ರ ಅಕ್ಟೋಬರ್ ೧ರ ತರುವಾಯ ಹುಟ್ಟಿದ ಮಕ್ಕಳಲ್ಲಿ ಇಬ್ಬರಿಗೆ ಮಾತ್ರ ಸೌಲಭ್ಯ. ಮೊದಲ ಮಗುವಿನ ತರುವಾಯ ಅವಳಿಗಳು ಹುಟ್ಟಿದರೆ ಇದಕ್ಕೆ ಅಪವಾದ.

ಐದನೆಯದು ಎಲ್ಲಕ್ಕಿಂತ ಗಂಭೀರವಾದುದು. ಕಾಶಿಗೆ ಹೋದವರು ಕಠ್ಮಂಡುವಿಗೂ ಹೋಗಿ ಪಶುಪತಿನಾಥನ ದರ್ಶನ ಪಡೆದು ಬರುವುದುಂಟು. ಭಾರತದೊಳಗಿನ ಭಾಗಕ್ಕೆ ಮಾತ್ರ ವಿನಾಯಿತಿ ಕೇಳಿದರೆ ತಪ್ಪೇನು ಎಂಬ ವಾದ ಮೇಲ್ನೋಟಕ್ಕೆ ಯುಕ್ತವಾಗಿಯೇ ಕಾಣುತ್ತದೆ. ಸ್ಟೇಟ್ ಬ್ಯಾಂಕಿನ ನೌಕರರ ವಿಷಯದಲ್ಲಿ ಇದೇ ವಾದವು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ದೆಹಲಿಯಿಂದ ಮಧುರೆ, ಕೊಲಂಬೊ, ಕೌಲಾಲಂಪುರ, ಸಿಂಗಾಪುರಗಳನ್ನು ಸುತ್ತಿ ಕೊಲಂಬೊ ಮೂಲಕ ದೆಹಲಿಗೆ ಮರಳಿದ ಪ್ರವಾಸವು ಅಲ್ಲಿಯ ಒಂದು ನಿದರ್ಶನ. ೨೦೨೨ರ ನವೆಂಬರ್ ೪ರ ತೀರ್ಪಿನಲ್ಲಿ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು. ಪ್ರಯಾಣವು ಭಾರತದ ಒಂದು ಸ್ಥಳದಿಂದ ಭಾರತದ ಇನ್ನೊಂದು ಸ್ಥಳಕ್ಕೆ, ಅದೂ ಅತಿ ಸಮೀಪದ ಮಾರ್ಗದಲ್ಲಿ ನಡೆಯಬೇಕು. ನೌಕರನು ಈ ದೇಶವನ್ನೂ ಅದರ ಸಂಸ್ಕೃತಿಯನ್ನೂ ಕಾಣಲೆಂಬುದೇ ಈ ಸೌಲಭ್ಯದ ಮೂಲೋದ್ದೇಶ ಎಂದಿತು. ತೆರಿಗೆಯನ್ನು ಹಿಡಿದುಕೊಳ್ಳದ ಬ್ಯಾಂಕೇ ಹೊಣೆಯಾಯಿತು. ಈ ತರ್ಕದಂತೆ ಕಠ್ಮಂಡುವನ್ನು ಸೇರಿಸಿದ ಯಾತ್ರೆಯಲ್ಲಿ ಕಾಶಿಯವರೆಗಿನ ದರವೂ ವಿನಾಯಿತಿಯನ್ನು ಕಳೆದುಕೊಳ್ಳುವ ಸಂಭವವಿದೆ.

ಆದುದರಿಂದ ಯೋಚನೆಯು ಹೊರಡುವ ಮುನ್ನವೇ ನಡೆಯಬೇಕು. ನಾಲ್ಕು ವರ್ಷಗಳ ಒಂದು ಅವಧಿಯಲ್ಲಿ ಎರಡು ಪ್ರಯಾಣಗಳಿಗೆ ಮಾತ್ರ ವಿನಾಯಿತಿಯುಂಟು. ೨೦೨೨–೨೫ರ ಅವಧಿಯಲ್ಲಿ ಬಳಸದೆ ಉಳಿದ ಒಂದನ್ನು ಮುಂದಿನ ಅವಧಿಯ ಮೊದಲ ವರ್ಷವಾದ ೨೦೨೬ರಲ್ಲಿ ಬಳಸಬಹುದು. ನೇಪಾಳಕ್ಕೆ ಹೋಗುವವರು ಆ ಯಾತ್ರೆಯನ್ನು ಈ ಲೆಕ್ಕಕ್ಕೆ ತರದೆ, ಸ್ವದೇಶದ ಬೇರೊಂದು ಪ್ರವಾಸಕ್ಕಾಗಿ ಸೌಲಭ್ಯವನ್ನು ಕಾದಿಡುವುದು ಲೇಸು.

ಇನ್ನೊಂದು ಮಾತು ಉಳಿದಿದೆ. ೨೦೨೩–೨೪ನೆಯ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಪದ್ಧತಿಯಾಯಿತು. ಅದರಲ್ಲಿ ಈ ವಿನಾಯಿತಿಯಿಲ್ಲ. ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಮೇಲ್ಕಂಡ ಲೆಕ್ಕ ಅನ್ವಯಿಸುತ್ತದೆ. ೨೦೧೬ರ ಜೂನ್ ೧ರಿಂದ ೧೨ ಬಿಬಿ ನಮೂನೆಯಲ್ಲಿ ವೆಚ್ಚದ ಪುರಾವೆಯನ್ನು ಮಾಲಿಕನಿಗೆ ಒಪ್ಪಿಸುವುದನ್ನು ವಿಧಿಸಲಾಯಿತು. ಹುಬ್ಬಳ್ಳಿಯವರೆಗಿನ ಬಸ್ಸಿನ ಚೀಟಿಯನ್ನು ಸಹ ಎಸೆಯದಿರುವುದು ಜಾಣತನ. ದಾಖಲೆಯಿಲ್ಲದ ಮಾತು ಇತಿಹಾಸದಲ್ಲಿ ನಿಲ್ಲದಂತೆ ತೆರಿಗೆಯ ಕಚೇರಿಯಲ್ಲಿಯೂ ನಿಲ್ಲುವುದಿಲ್ಲ.